ಕೆತ್ತನೆ ನನ್ನದು, ಗೆರೆ ಯಾರದು?

ಹೋದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಹೆಣ್ಣುಮಗಳೊಬ್ಬರು ಚಿಕ್ಕಮಗಳೂರಿನ ನನ್ನ ಶೆಡ್ಡಿಗೆ ಬಂದು ಮೊಬೈಲ್ ಮುಂದೆ ಹಿಡಿದರು. "ಅಣ್ಣಾ, ಇದೇ ಥರ ಒಂದು ಕನ್ನಡಿ ಚೌಕಟ್ಟು ಬೇಕಿತ್ತು. ಅಂಗಡೀಲಿ ಕೇಳಿದ್ರೆ ಸ್ಟಾಕ್ ಮುಗಿದಿದೆ ಅಂದ್ರು. ನೀವು ಮಾಡ್ಕೊಡ್ತೀರಾ?"

ಫೋಟೊದಲ್ಲಿದ್ದದ್ದು ಕಾಫಿ ರೆಂಬೆಯ ಹಾಗೆ ಬಾಗಿ ಬಾಗಿ ಸುತ್ತಿಕೊಂಡ ಬಳ್ಳಿ, ಎದುರುಬದುರು ಜೋಡಿ ಎಲೆ, ಎಲೆಯ ಬುಡದಲ್ಲಿ ಹಣ್ಣಿನ ಗೊಂಚಲು. ಕೆಳಗಿನ ಎಡ ಮೂಲೆಯಲ್ಲಿ ಒಂದೇ ಒಂದು ಎಲೆ ಹಿಂದಕ್ಕೆ ಮಗುಚಿಕೊಂಡಿತ್ತು.

ಆ ಎಲೆ ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷದ ಹಿಂದೆ ಹಲಸಿನ ಹಲಗೆಯಲ್ಲಿ ಆ ಚೌಕಟ್ಟು ಕೆತ್ತುವಾಗ ಅದೇ ಮೂಲೆಯಲ್ಲಿ ಅಡಿಕೆ ಗಾತ್ರದ ಗಂಟೊಂದು ಸಿಕ್ಕಿತ್ತು. ಉಳಿ ತಾಗಿಸಿದರೆ ಚಕ್ಕೆ ಏಳುತ್ತಿತ್ತು. ಹಲಗೆ ಬದಲಾಯಿಸುವಷ್ಟು ಮರ ಇರಲಿಲ್ಲ. ಅರ್ಧ ದಿನ ಯೋಚಿಸಿ, ಎಲೆಯನ್ನೇ ಮಗುಚಿ, ಗಂಟನ್ನು ಅದರ ಬೆನ್ನಿನ ಉಬ್ಬಿನಲ್ಲಿ ಮುಚ್ಚಿಬಿಟ್ಟೆ. ಈಗ ಫೋಟೊದಲ್ಲಿದ್ದ ಚೌಕಟ್ಟು ಸಿಲ್ವರ್ ಓಕ್‌ನದು, ಯಂತ್ರ ಕೊರೆದದ್ದು, ಆ ಮೂಲೆಯಲ್ಲಿ ಗಂಟಿನ ಸುಳಿವೂ ಇಲ್ಲ. ಎಲೆ ಮಾತ್ರ ಹಾಗೇ ಮಗುಚಿದೆ.

ನಕಲನ್ನು ಪತ್ತೆ ಹಚ್ಚುವವರು ಮೊದಲು ಹುಡುಕುವುದು ಇಂಥದ್ದನ್ನೇ. ಚೆಂದದ ಭಾಗ ಇಬ್ಬರಿಗೂ ತಾವಾಗಿಯೇ ಹೊಳೆದಿರಬಹುದು. ಕಾರಣವೇ ಇಲ್ಲದ ಕಡೆ ಅದೇ ತಿರುವು, ಅದೇ ತಪ್ಪು ಕಂಡರೆ ಒಂದನ್ನು ನೋಡಿ ಇನ್ನೊಂದು ಆಗಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಕೋರ್ಟಿನಲ್ಲೂ ಇದು ಬಲವಾದ ಸಾಕ್ಷಿ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಹಾಸನದ ಒಬ್ಬ ವಕೀಲರನ್ನು ಕಂಡೆ, ಕಾಯ್ದೆಗಳನ್ನು ನಾನೇ ಓದಿದೆ, ತಿಳಿಯದ್ದನ್ನು ಮತ್ತೆ ಮತ್ತೆ ಕೇಳಿದೆ. ಮರಗೆಲಸ ಮಾಡುವ ಬಹಳಷ್ಟು ಜನರಿಗೆ ಈ ವಿಷಯ ಗೋಜಲಾಗಿಯೇ ಉಳಿದಿದೆ. ಗೋಜಲಿಗೆ ಕಾರಣ, ನಾವು ಎರಡು ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟಿ ಇಟ್ಟುಕೊಂಡಿರುವುದು. 'ಇದನ್ನು ನಾನು ಮಾಡಬಹುದಾ?' ಎನ್ನುವುದು ಒಂದು. 'ಇದು ಯಾರದು ಅಂತ ಹೇಳಬೇಕಾ?' ಎನ್ನುವುದು ಇನ್ನೊಂದು. ಮೊದಲನೆಯದು ಅನುಮತಿಯ ಮಾತು, ಎರಡನೆಯದು ಹೆಸರಿನ ಮಾತು. ಹೆಸರು ಹೇಳಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ಅನುಮತಿ ಬೇಕಿಲ್ಲದ ಕಡೆ ಹೆಸರು ಹೇಳುವ ಹೊಣೆ ತಪ್ಪುವುದೂ ಇಲ್ಲ.

ಯಾರಪ್ಪನ ಸ್ವತ್ತೂ ಅಲ್ಲದ್ದು

ಎಲ್ಲರದೂ ಆದದ್ದು ಯಾವುದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದೇ ಹೆಚ್ಚು, ಅದು ಹೆಚ್ಚಿರುವುದೇ ಒಳ್ಳೆಯದು.

ಅಳಗುಳಿಮಣೆ ತೆಗೆದುಕೊಳ್ಳಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಅದನ್ನು ಮೊದಲು ತೋಡಿದವರು ಯಾರು ಎಂದು ಹೇಳುವವರಿಲ್ಲ. ಶಾವಿಗೆ ಒರಳು, ತೊಟ್ಟಿಲು, ಮಂದಾಸನ, ಹೊಸ್ತಿಲ ಮೇಲಿನ ಪದ್ಮ, ಬಾಗಿಲವಾಡದ ಗಿಳಿಸಾಲು ಎಲ್ಲವೂ ಹೀಗೆಯೇ. ಎಸ್ಟೇಟ್ ಬಂಗಲೆಗಳ ಜಗಲಿಯಲ್ಲಿ ಕಾಲು ಚಾಚಿಕೊಳ್ಳಲು ಉದ್ದ ಕೈ ಇರುವ, ಬೆತ್ತ ಹೆಣೆದ ಪ್ಲಾಂಟರ್ ಚೇರ್ ಇರುತ್ತದಲ್ಲ, ಅದೂ ಹೀಗೆಯೇ. ಕಾಫಿ ಬೊಡ್ಡೆಯನ್ನು ಬುಡಮೇಲು ನಿಲ್ಲಿಸಿ ಮೇಲೆ ಗಾಜು ಕೂರಿಸಿದ ಟೀಪಾಯಿಯನ್ನು ನಮ್ಮ ಜಿಲ್ಲೆಯಲ್ಲಿ ಯಾರು ಬೇಕಾದರೂ ಮಾಡಬಹುದು, ಮಾಡುತ್ತಲೂ ಇದ್ದಾರೆ. 'ಬೊಡ್ಡೆಯ ಮೇಲೆ ಗಾಜು' ಎನ್ನುವುದು ಕಲ್ಪನೆ, ಕಲ್ಪನೆಗೆ ಒಡೆಯನಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅದು ನಾಟಕ ಮತ್ತು ಸಿನಿಮಾದ ಜಗಳ. ತತ್ವ ಮಾತ್ರ ಎಲ್ಲ ಕಲೆಗೂ ಒಂದೇ: ವಿಷಯಕ್ಕೆ, ಕಲ್ಪನೆಗೆ ಹಕ್ಕುಸ್ವಾಮ್ಯ ಇಲ್ಲ. ಅದನ್ನು ಒಬ್ಬ ಮೂಡಿಸಿದ ರೀತಿಗೆ ಇದೆ.

ಜೋಡಣೆಯ ಕ್ರಮವೂ ಹಾಗೆಯೇ. ಕಚ್ಚು ಹಾಕಿ ಕೂಡಿಸುವುದು, ಗೂಟ ಹೊಡೆದು ಬಿಗಿಯುವುದು, ಬೆಣೆ ಕೊಡುವುದು ಎಲ್ಲ ಕಸುಬಿನ ಬಂಡವಾಳ. ಹೊಸ ಬಗೆಯ ಬಿಜಾಗರಿಯನ್ನೋ ಮಡಚುವ ಯಾಂತ್ರಿಕ ವ್ಯವಸ್ಥೆಯನ್ನೋ ನಿಜವಾಗಿ ಕಂಡುಹಿಡಿದರೆ ಅದು ಪೇಟೆಂಟ್‌ನ ದಾರಿ. ಅದರ ಅವಧಿ 20 ವರ್ಷ, ಖರ್ಚೂ ತಕರಾರೂ ಬೇರೆಯೇ, ಇಲ್ಲಿ ಅದರ ಗೊಡವೆ ಬೇಡ.

ಶೈಲಿಯ ವಿಷಯಕ್ಕೆ ಬಂದರೆ, ಇವತ್ತು ಚಿಕ್ಕಮಗಳೂರಿನ ರೆಸಾರ್ಟುಗಳಲ್ಲೆಲ್ಲ ಮರದ ಅಂಚನ್ನು ಕತ್ತರಿಸದೆ ಹಾಗೇ ಬಿಟ್ಟ ಅಗಲದ ಹಲಗೆಯ ಮೇಜು ಕಾಣುತ್ತೀರಿ. ಬಿರುಕು ಬಿಟ್ಟ ಕಡೆ ಚಿಟ್ಟೆಯಾಕಾರದ ಬೆಣೆ ಕೂರಿಸಿರುತ್ತಾರೆ. ಈ ಬಗೆಯನ್ನು ಜಗತ್ತಿಗೆ ಪರಿಚಯ ಮಾಡಿಸಿದವರಲ್ಲಿ ದೊಡ್ಡ ಹೆಸರು ಜಾರ್ಜ್ ನಾಕಾಶಿಮಾ ಅವರದು. ಜಪಾನಿ ಮೂಲದ ಈ ಅಮೆರಿಕನ್ 1930ರ ದಶಕದಲ್ಲಿ ಪಾಂಡಿಚೇರಿಗೆ ಬಂದು ಅರವಿಂದಾಶ್ರಮದ ಗೋಲ್ಕೊಂಡೆ ಕಟ್ಟಡದ ಕೆಲಸ ಮಾಡಿದವರು. ಸಿಪ್ಪೆಯಂಚಿನ ಮೇಜು ಮಾಡಲು ಅವರ ವಂಶದವರ ಅಪ್ಪಣೆ ಬೇಕಿಲ್ಲ. ಅವರ ಒಂದು ನಿರ್ದಿಷ್ಟ ಕುರ್ಚಿಯ ಕಾಲು, ಬೆನ್ನು, ಕಡ್ಡಿಗಳ ಓರೆ ಎಲ್ಲವನ್ನೂ ಅಳತೆ ಹಿಡಿದು ಇಳಿಸಿಕೊಳ್ಳುವುದು ಬೇರೆ ಮಾತು. ಶೈಲಿ ಕಲಿಯುವುದು ಒಂದು, ವಸ್ತುವನ್ನೇ ಎತ್ತಿಕೊಳ್ಳುವುದು ಇನ್ನೊಂದು.

ಬೇಲೂರಿನ ದರ್ಪಣಸುಂದರಿಯನ್ನು ಸಾಗುವಾನಿಯಲ್ಲಿ ಕೆತ್ತಿದರೆ ಯಾರ ಹಕ್ಕೂ ಮುರಿಯುವುದಿಲ್ಲ. ಹಕ್ಕುಸ್ವಾಮ್ಯ ಇರುವುದು ಕಲಾವಿದನ ಆಯಸ್ಸು ಮತ್ತು ಆಮೇಲಿನ 60 ವರ್ಷ. ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಆದರೆ ನಮ್ಮ ಕಾಲದ ಒಬ್ಬ ಶಿಲ್ಪಿ ಅದೇ ದರ್ಪಣಸುಂದರಿಯನ್ನು ತನ್ನ ಕಲ್ಪನೆಯಲ್ಲಿ ಬದಲಿಸಿ, ಕನ್ನಡಿಯ ಬದಲು ಕಾಫಿ ಬುಟ್ಟಿ ಕೊಟ್ಟು, ಸೊಂಟದ ಭಂಗಿಯನ್ನು ಬೇರೆ ಮಾಡಿ ಕೆತ್ತಿದ್ದರೆ, ಅವನು ಸೇರಿಸಿದ್ದಷ್ಟು ಅವನದು. ಮೂಲ ಎಲ್ಲರದಾದ ಮಾತ್ರಕ್ಕೆ ಅದರಿಂದ ಹುಟ್ಟಿದ್ದೆಲ್ಲ ಎಲ್ಲರದಾಗುವುದಿಲ್ಲ.

ನಮ್ಮಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ: 'ಮೂರು ಕಡೆ ಬದಲಾಯಿಸಿದರೆ ಸಾಕು, ನಮ್ಮದೇ ಆಗುತ್ತೆ' ಅಂತ. ಕೆಲವರು ಶೇಕಡ 20 ಎನ್ನುತ್ತಾರೆ, ಕೆಲವರು 30. ಇಂಥ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಮುಖ್ಯವಾದದ್ದನ್ನೇ ಎತ್ತಿಕೊಂಡಿದ್ದಾರೆ ಅನ್ನಿಸುತ್ತದೆಯೇ ಎಂಬುದೇ ಪ್ರಶ್ನೆ. ಎಲೆಗೆ ಎರಡು ನರ ಹೆಚ್ಚು ಕೊಟ್ಟು ನನ್ನ ಬಳ್ಳಿಯನ್ನು ತನ್ನದು ಎಂದರೆ ನಡೆಯದು.

ಮನೆಗೆಂದು, ಕೈ ಪಳಗಲೆಂದು ಒಂದು ಮಾಡಿಕೊಳ್ಳುವುದನ್ನು ಕಾನೂನು ತಡೆಯುವುದಿಲ್ಲ ಎಂಬುದೂ ಗೊತ್ತಿರಲಿ. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸ್ವಂತ ಬಳಕೆಯ ನ್ಯಾಯವಾದ ಉಪಯೋಗಕ್ಕೆ ವಿನಾಯಿತಿ ಇದೆ. ವಿನ್ಯಾಸ ಕಾಯ್ದೆ ಹಿಡಿಯುವುದು ಮಾರಾಟಕ್ಕೆಂದು ಮಾಡಿದ ನಕಲನ್ನು. ನೋಡಿ ಮಾಡಿ ಕಲಿಯುವುದೇ ನಮ್ಮ ಕಸುಬಿನ ಪಾಠಶಾಲೆ. ಅದರ ಬಾಗಿಲನ್ನು ಯಾರೂ ಮುಚ್ಚಿಲ್ಲ.

50ರ ಲೆಕ್ಕ

ಇನ್ನು ನನ್ನ ಕನ್ನಡಿ ಚೌಕಟ್ಟಿನ ವಿಷಯ. ಇಲ್ಲಿ ಎರಡು ಕಾಯ್ದೆ ಒಂದರ ಮೇಲೊಂದು ಹಾಯುತ್ತವೆ. ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು 1957ರ ಹಕ್ಕುಸ್ವಾಮ್ಯ ಕಾಯ್ದೆ. ಚಿತ್ರ, ರೇಖಾಚಿತ್ರ, ಶಿಲ್ಪ ಮಾತ್ರವಲ್ಲ, ಕಲಾತ್ಮಕ ಕುಶಲಕರ್ಮದ ಕೃತಿಯನ್ನೂ ಅದು 'ಕಲಾಕೃತಿ' ಎಂದು ಒಪ್ಪುತ್ತದೆ. ಈ ಹಕ್ಕು ಪಡೆಯಲು ಎಲ್ಲೂ ಅರ್ಜಿ ಹಾಕಬೇಕಿಲ್ಲ. ನೀವು ಸ್ವಂತ ಬುದ್ಧಿಯಿಂದ ಗೆರೆ ಎಳೆದು ಕೆತ್ತಿದ ಗಳಿಗೆಯಲ್ಲೇ ಅದು ಹುಟ್ಟುತ್ತದೆ. ಕಾಗದದ ಮೇಲಿನ ಚಿತ್ರವನ್ನು ನೋಡಿ ಮರದಲ್ಲಿ ಕೆತ್ತಿದರೂ ಅದು ನಕಲೇ, ಮರದ ಕೆತ್ತನೆಯನ್ನು ಫೋಟೊ ಹಿಡಿದು ಚಿತ್ರ ಮಾಡಿಕೊಂಡರೂ ನಕಲೇ. ಯಂತ್ರದ ಬಿಡಿಭಾಗದ ಹಾಗೆ ಬರೀ ಕೆಲಸಕ್ಕೆ ಬೇಕಾದ ಅಂಗವನ್ನು ನಕ್ಷೆ ನೋಡಿ ತಯಾರಿಸುವುದಕ್ಕೆ 2012ರ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಬಳ್ಳಿ, ಎಲೆ, ಹಕ್ಕಿಗೆ ಅದು ಅನ್ವಯಿಸುವುದಿಲ್ಲ.

ಎರಡನೆಯದು 2000ದ ವಿನ್ಯಾಸ ಕಾಯ್ದೆ. ಒಂದು ಬಳಕೆಯ ವಸ್ತುವಿನ ಆಕಾರ, ಅಲಂಕಾರ, ಗೆರೆಗಳ ಜೋಡಣೆ, ಹೀಗೆ ಕಣ್ಣಿಗೆ ಕಾಣುವ ಚೆಲುವನ್ನು ಮಾತ್ರ ಅದು ಕಾಪಾಡುತ್ತದೆ. ಕೈಯಿಂದ ಮಾಡಿದ್ದೋ ಯಂತ್ರದಿಂದ ಮಾಡಿದ್ದೋ ಎಂಬ ಭೇದ ಮಾಡುವುದಿಲ್ಲ. ಆದರೆ ನೋಂದಣಿ ಮಾಡಿಸಲೇಬೇಕು. ನೋಂದಣಿ ಆದರೆ 10 ವರ್ಷ, ಇನ್ನೊಂದು 5 ವರ್ಷ ಮುಂದುವರಿಸಬಹುದು. 15 ಆದ ಮೇಲೆ ಅದು ಊರಿಗೆಲ್ಲ ಸೇರಿದ್ದು.

ಈ ಎರಡರ ನಡುವಿನ ಗಡಿ ಹಕ್ಕುಸ್ವಾಮ್ಯ ಕಾಯ್ದೆಯ 15ನೇ ಕಲಮಿನಲ್ಲಿದೆ. ನೋಂದಾಯಿಸಿದ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಇರುವುದಿಲ್ಲ, ಅದು ಪೂರ್ತಿ ಆ ಕಡೆಗೆ ಹೋಯಿತು. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಬಳಸಿ ಒಡೆಯನೋ, ಅವನ ಒಪ್ಪಿಗೆ ಪಡೆದವರೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ವಸ್ತು ತಯಾರಿಸಿದ ಕೂಡಲೇ ಅದರ ಹಕ್ಕುಸ್ವಾಮ್ಯ ಮುಗಿದುಹೋಗುತ್ತದೆ. 51ನೇ ಚೌಕಟ್ಟು ಹೊರಬಿದ್ದಾಗ ಕಾಯ್ದೆ ನಿಮ್ಮನ್ನು ಕಲಾವಿದ ಎಂದು ನೋಡುವುದಿಲ್ಲ, ತಯಾರಕ ಎಂದು ನೋಡುತ್ತದೆ. 'ತಯಾರಕನಾದರೆ ನೋಂದಣಿ ಯಾಕೆ ಮಾಡಿಸಲಿಲ್ಲ?' ಎಂದು ಕೇಳುತ್ತದೆ.

ಒಂದು ಸಮಾಧಾನದ ಸಂಗತಿ ಇಲ್ಲಿದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಕದ್ದವನು ಮಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಒಡೆಯ ಮಾಡಿದ್ದು, ಒಡೆಯನ ಒಪ್ಪಿಗೆಯಿಂದ ಆದದ್ದು ಮಾತ್ರ ಎಣಿಕೆ. ನಾನು ಆ ಚೌಕಟ್ಟು ಮಾಡಿದ್ದು ಒಟ್ಟು ಏಳು. ಆ ಅಂಗಡಿಗೆ ಎಷ್ಟು ಬಂದಿದ್ದರೂ ನನ್ನ ಏಳು ಏಳೇ.

ಹಾಗಾದರೆ ನನ್ನ ಚೌಕಟ್ಟು ಕಲಾಕೃತಿಯೋ, ವಿನ್ಯಾಸವೋ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಕ್ರಯೋಗ್ಯಾಸ್ ಮತ್ತು ಐನಾಕ್ಸ್ ಕಂಪನಿಗಳ ಮೊಕದ್ದಮೆಯಲ್ಲಿ ಒಂದು ಅಳತೆಗೋಲು ಕೊಟ್ಟಿತು. ಜಗಳ ನಡೆದದ್ದು ಅನಿಲ ಸಾಗಿಸುವ ಟ್ರೇಲರ್‌ಗಳ ನಕ್ಷೆಯ ಬಗ್ಗೆ. ಕೋರ್ಟ್ ಹೇಳಿದ್ದು: ಮೊದಲು ಆ ಕೃತಿ ಶುದ್ಧ ಕಲಾಕೃತಿಯೋ, ಅಥವಾ ಕಲಾಕೃತಿಯಿಂದ ಇಳಿಸಿಕೊಂಡು ಕೈಗಾರಿಕಾ ವಿಧಾನದಲ್ಲಿ ವಸ್ತುವಿಗೆ ಹೊಂದಿಸಿದ ವಿನ್ಯಾಸವೋ ನೋಡಿ. ಹಾಗೆ ತೀರ್ಮಾನಕ್ಕೆ ಬರಲಾಗದಿದ್ದರೆ ಅದರ ಮುಖ್ಯ ಉದ್ದೇಶ ಉಪಯೋಗವೋ, ಚೆಲುವೋ ಎಂದು ಕೇಳಿ. ಗೋಡೆಗೆ ತೂಗುಹಾಕುವ ಕೆತ್ತನೆಯ ಫಲಕ ಕಲಾಕೃತಿಯ ಕಡೆ ವಾಲುತ್ತದೆ. ಡೈನಿಂಗ್ ಟೇಬಲ್‌ನ ಕಾಲು ವಿನ್ಯಾಸದ ಕಡೆ. ಕನ್ನಡಿ ಚೌಕಟ್ಟು ನಡುವೆ ನಿಂತಿದೆ. ನಮ್ಮ ವಕೀಲರು "ವಾದ ಮಾಡಬಹುದು, ಗ್ಯಾರಂಟಿ ಕೊಡಕ್ಕಾಗಲ್ಲ" ಎಂದರು. ಪ್ರಾಮಾಣಿಕವಾದ ಮಾತು.

ನೋಂದಣಿಯ ಬಗ್ಗೆ ಮರಗೆಲಸದವರಿಗೆ ಇರುವ ಭಯ ದೊಡ್ಡದು, ಖರ್ಚು ಅಷ್ಟು ದೊಡ್ಡದಲ್ಲ. ವಿನ್ಯಾಸಗಳನ್ನು ನೋಂದಾಯಿಸುವ ಕಚೇರಿ ಕೋಲ್ಕತ್ತದಲ್ಲಿದೆ, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಒಬ್ಬ ವ್ಯಕ್ತಿ ಹಾಕುವ ಅರ್ಜಿಗೆ ಸರ್ಕಾರಿ ಶುಲ್ಕ 1,000 ರೂಪಾಯಿ. ವಸ್ತುವನ್ನು ಎಲ್ಲ ದಿಕ್ಕಿನಿಂದ ತೋರಿಸುವ ಸ್ಪಷ್ಟ ಚಿತ್ರಗಳು ಬೇಕು. ವಸ್ತು ಯಾವ ವರ್ಗದ್ದೆಂದು ಅರ್ಜಿಯಲ್ಲಿ ಹೇಳಬೇಕು, ಪೀಠೋಪಕರಣಕ್ಕೆ 6ನೇ ವರ್ಗ. ವಕೀಲರ ಅಥವಾ ಏಜೆಂಟರ ಶುಲ್ಕ ಇದರ ಮೇಲೆ.

ಎಡವುವುದು ದುಡ್ಡಿನಲ್ಲಲ್ಲ, ದಿನಾಂಕದಲ್ಲಿ. ಅರ್ಜಿ ಹಾಕುವ ದಿನಕ್ಕೆ ಆ ವಿನ್ಯಾಸ ಹೊಸದಾಗಿರಬೇಕು. ಅದು ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ ಸಾರ್ವಜನಿಕರ ಕಣ್ಣಿಗೆ ಬಿದ್ದಿರಬಾರದು. ಬಿದ್ದಿದ್ದು ನಿಮ್ಮ ಕೈಯಿಂದಲೇ ಆದರೂ ಕಾಯ್ದೆ ಕರುಣೆ ತೋರಿಸುವುದಿಲ್ಲ. ನಾನು ಮಾಡಿದ್ದು ಅದೇ. ಪಾಲಿಶ್ ಒಣಗುವ ಮುಂಚೆ ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದೆ. ಖುಷಿಯಲ್ಲಿ ಹಾಕಿದ ಆ ಒಂದು ಫೋಟೊ ನನ್ನ ನೋಂದಣಿಯ ಬಾಗಿಲನ್ನು ಅವತ್ತೇ ಮುಚ್ಚಿತ್ತು. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನದಲ್ಲಿ ಮುಂಚಿತವಾಗಿ ತಿಳಿಸಿ ಇಟ್ಟರೆ, ಆರು ತಿಂಗಳೊಳಗೆ ಅರ್ಜಿ ಹಾಕಲು ಅವಕಾಶವಿದೆ. ವಾಟ್ಸಾಪ್ ಗುಂಪಿಗೆ, ಜಾತ್ರೆಯ ಮಳಿಗೆಗೆ ಆ ರಿಯಾಯಿತಿ ಇಲ್ಲ. ಆದ್ದರಿಂದ ಹೆಚ್ಚು ಸಂಖ್ಯೆಯಲ್ಲಿ ಮಾರುವ ಯೋಚನೆ ಇರುವ ವಸ್ತುವಾದರೆ ಮೊದಲು ಅರ್ಜಿ, ಆಮೇಲೆ ಫೋಟೊ.

ನೋಂದಾಯಿಸಿದ ವಿನ್ಯಾಸವನ್ನು ಕದ್ದವರಿಂದ ಸಿಗುವುದೆಷ್ಟು? ಪ್ರತಿ ಉಲ್ಲಂಘನೆಗೆ 25,000 ರೂಪಾಯಿವರೆಗೆ, ಒಂದು ವಿನ್ಯಾಸಕ್ಕೆ ಒಟ್ಟು 50,000 ಮೀರದಂತೆ. ಅದು ಬೇಡವೆಂದರೆ ನಷ್ಟ ಪರಿಹಾರ ಮತ್ತು ತಡೆಯಾಜ್ಞೆ ಕೇಳಿ ದಾವೆ ಹೂಡಬಹುದು, ಅದೂ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಅಲ್ಲ. ಒಂಟಿ ಕೆಲಸಗಾರನಿಗೆ ತಡೆಯಾಜ್ಞೆಯೇ ಮುಖ್ಯ, ದುಡ್ಡಲ್ಲ ಎಂದು ನನಗೆ ಅನ್ನಿಸುತ್ತದೆ.

ಭೌಗೋಳಿಕ ಸೂಚಿಯ ಹೆಸರನ್ನೂ ಇಲ್ಲಿ ಎತ್ತುವವರಿದ್ದಾರೆ. ನಮ್ಮ ಚಿಕ್ಕಮಗಳೂರು ಅರೇಬಿಕಾ ಕಾಫಿಗೆ 2019ರಲ್ಲಿ ಸಿಕ್ಕಿತಲ್ಲ, ಅದೇ. ಚನ್ನಪಟ್ಟಣದ ಬೊಂಬೆ, ಕಿನ್ನಾಳದ ಕಲೆ, ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೂ ಅದು ಇದೆ. ಅದು ಕಾಯುವುದು ಊರಿನ ಹೆಸರನ್ನು, ಒಬ್ಬನ ಗೆರೆಯನ್ನಲ್ಲ. ಹಾಸನದಲ್ಲಿ ಅರಗು ಹಚ್ಚಿದ ಬುಗುರಿ ಮಾಡಿ ಮಾರಬಹುದು, ಚನ್ನಪಟ್ಟಣದ್ದು ಎಂದು ಹೇಳಿ ಮಾರುವಂತಿಲ್ಲ.

ಫೈಲು ಕೊಟ್ಟವರು ಯಾರು

ಬಾಗಿಲಿಗೆ ಕೆತ್ತನೆ ಅಂದರೆ ಈಗ ಬಹುಪಾಲು ಸಿಎನ್‌ಸಿ ಯಂತ್ರದ, ಅಂದರೆ ಕಂಪ್ಯೂಟರ್ ಫೈಲು ನೋಡಿ ತಾನೇ ಕೊರೆಯುವ ಯಂತ್ರದ ಕೆಲಸ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಶೆಡ್ಡಿನಲ್ಲೂ ಒರಟು ಕೊರೆತಕ್ಕೆ ಹೊರಗಿನ ಯಂತ್ರಕ್ಕೆ ಕಳಿಸುತ್ತೇನೆ, ಅಂಚು ಮತ್ತು ನರಗಳನ್ನು ಉಳಿಯಲ್ಲಿ ಮುಗಿಸುತ್ತೇನೆ. ತೊಂದರೆ ಇರುವುದು ಫೈಲಿನಲ್ಲಿ. ಲಕ್ಷ್ಮಿ, ಗಣಪತಿ, ನವಿಲು, ಬಳ್ಳಿ ಎಲ್ಲ ಸೇರಿ ಸಾವಿರಾರು ಫೈಲುಗಳು ಒಂದು ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ. ಪ್ರತಿಯೊಂದನ್ನೂ ಎಲ್ಲೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ದಿನಗಟ್ಟಲೆ ಮೂಡಿಸಿದ್ದಾರೆ. ಲಕ್ಷ್ಮಿ ಎಲ್ಲರವಳು, ಆ ಲಕ್ಷ್ಮಿಯ ಮುಖದ ಇಳಿಜಾರು ಅವರದು.

ದುಡ್ಡು ಕೊಟ್ಟು ಕೊಂಡ ಫೈಲಾದರೂ ಅದರ ಜೊತೆ ಬರುವ ಷರತ್ತು ಓದಬೇಕು. ಕೆಲವು ಫೈಲುಗಳನ್ನು ಕೆತ್ತಿ ಮಾರಬಹುದು, ಫೈಲನ್ನೇ ಮಾರುವಂತಿಲ್ಲ. ಕೆಲವು ಮನೆಬಳಕೆಗೆ ಮಾತ್ರ. ಕುರ್ಚಿ, ಆಟಿಕೆಗಳ ನಕ್ಷೆ ಕೊಳ್ಳುವವರಿಗೂ ಇದೇ ಮಾತು. ಕೊಂಡದ್ದು ಕಾಗದ, ಹಕ್ಕನ್ನಲ್ಲ. ಹಕ್ಕು ಕೈ ಬದಲಾಗಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು ಎನ್ನುತ್ತದೆ ಕಾಯ್ದೆ.

ನನ್ನ ಚೌಕಟ್ಟಿನ ಕಥೆ ಇಲ್ಲೇ ಬಿಚ್ಚಿಕೊಂಡಿತು. ಆ ಅಂಗಡಿಗೆ ನಾನೇ ಹೋದೆ. ಮಾಲೀಕರು ಒಳ್ಳೆಯವರೇ. "ನೋಡಿ ಸಾರ್, ನಮಗೆ ಗಿರಾಕಿ ಫೋಟೊ ತಂದುಕೊಟ್ಟರು, ನಾವು ಯಂತ್ರದವರಿಗೆ ಕಳಿಸಿದ್ವಿ, ಅವರು ಫೈಲ್ ಮಾಡಿಸಿಕೊಟ್ಟರು" ಎಂದರು. ಫೋಟೊ ಕೊಟ್ಟವರಿಗೆ ಅದು ಯಾರದೆಂದು ಗೊತ್ತಿಲ್ಲ, ಫೈಲು ಮಾಡಿದವರಿಗೆ ಗಿರಾಕಿ ಗೊತ್ತಿಲ್ಲ, ಅಂಗಡಿಯವರಿಗೆ ಇಬ್ಬರೂ ಸರಿಯಾಗಿ ಗೊತ್ತಿಲ್ಲ. ನಾಲ್ಕು ಕೈ ದಾಟುವಷ್ಟರಲ್ಲಿ ನನ್ನ ಹೆಸರು ಉದುರಿಹೋಗಿ ಮಗುಚಿದ ಎಲೆ ಮಾತ್ರ ಉಳಿದಿತ್ತು. ಯಾರೂ ಕಳ್ಳತನ ಮಾಡಲೆಂದು ಹೊರಟವರಲ್ಲ. ಆದರೂ ಕಳವಾಗಿತ್ತು.

ಹೆಸರಿನ ಹಕ್ಕು

ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮು ಮಾರಾಟದ ಹಕ್ಕಿನಿಂದ ಹೆಸರನ್ನು ಬೇರೆಯಾಗಿಯೇ ಇಟ್ಟಿದೆ. ಕೃತಿಯನ್ನೂ ಅದರ ಹಕ್ಕನ್ನೂ ಪೂರ್ತಿ ಮಾರಿಕೊಂಡ ಮೇಲೂ 'ಇದನ್ನು ಮಾಡಿದ್ದು ನಾನು' ಎಂದು ಹೇಳಿಕೊಳ್ಳುವ ಅಧಿಕಾರ ಮಾಡಿದವನಲ್ಲೇ ಉಳಿಯುತ್ತದೆ. ತನ್ನ ಮಾನಕ್ಕೆ ಕುಂದಾಗುವಂತೆ ಅದನ್ನು ಕೆಡಿಸಿದರೆ ಕೇಳುವ ಅಧಿಕಾರವೂ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅದರ ಒಡೆತನ ಸರ್ಕಾರದ್ದೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪಿಯ ಪರ ನಿಂತು, ಅಳಿದುಳಿದದ್ದನ್ನು ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು.

ನಮ್ಮ ವರ್ಕ್‌ಶಾಪ್‌ಗಳಿಗೆ ಇದನ್ನು ತಂದು ನೋಡಿ. ಸಂಬಳಕ್ಕೆ ಇರುವ ಹುಡುಗ ಮಾಡಿದ ಕೆತ್ತನೆಯ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನದು. ಗಿರಾಕಿ ಹಣ ಕೊಟ್ಟು ಹೇಳಿ ಮಾಡಿಸಿದ ವಿನ್ಯಾಸವಾದರೆ ವಿನ್ಯಾಸ ಕಾಯ್ದೆಯ ಪ್ರಕಾರ ಅದರ ಒಡೆಯ ಗಿರಾಕಿ. ಇಷ್ಟಾದರೂ ಗೆರೆ ಎಳೆದ ಆ ಹುಡುಗನ ಹೆಸರು ಅವನದೇ. ಅದನ್ನು ಸಂಬಳ ಕೊಂಡುಕೊಂಡಿಲ್ಲ. ನಮ್ಮಲ್ಲಿ ಎಷ್ಟು ಅಂಗಡಿಗಳು ಕೆತ್ತಿದವನ ಹೆಸರು ಹೇಳುತ್ತವೆ? ನನ್ನ ಶೆಡ್ಡೂ ಹಿಂದೆ ಹೇಳುತ್ತಿರಲಿಲ್ಲ.

ಚಂಡೀಗಢದ ಕುರ್ಚಿಗಳ ಕಥೆ ಇದನ್ನೇ ದೊಡ್ಡದಾಗಿ ತೋರಿಸುತ್ತದೆ. 1950ರ ದಶಕದಲ್ಲಿ ಆ ಹೊಸ ನಗರದ ಕಚೇರಿಗಳಿಗೆಂದು ಸಾಗುವಾನಿ, ಬೆತ್ತದಲ್ಲಿ ಮಾಡಿದ ಕುರ್ಚಿಗಳು ಹಳೆಯದಾಗಿ ಗುಜರಿಗೆ ಹೋಗಿ, ಆಮೇಲೆ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದವು. ಹರಾಜಿನ ಚೀಟಿಯಲ್ಲಿ ವಾಸ್ತುಶಿಲ್ಪಿ ಪಿಯರ್ ಜೀನರೆ ಅವರದೊಂದೇ ಹೆಸರು. ಅವರ ಜೊತೆ ವಿನ್ಯಾಸದಲ್ಲಿ ದುಡಿದ ವಾಸ್ತುಶಿಲ್ಪಿ ಯೂಲಿ ಚೌಧರಿಯವರ ಹೆಸರು ಈಚೆಗೆ ಕೇಳಿಬರುತ್ತಿದೆ. ಕೈಯಿಂದ ಮಾಡಿದ ಸ್ಥಳೀಯ ಬಡಗಿಗಳ ಹೆಸರು ಇನ್ನೂ ಇಲ್ಲ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಸೀಮೆಯ ಕಲ್ಲುಗಳು ನೆನಪಾಗುತ್ತವೆ. ಭಾರತದ ಬಹುಪಾಲು ಹಳೆಯ ದೇವಾಲಯಗಳಲ್ಲಿ ಕಟ್ಟಿಸಿದ ರಾಜನ ಹೆಸರಿರುತ್ತದೆ, ಕೆತ್ತಿದವನದು ಇರುವುದಿಲ್ಲ. ಹೊಯ್ಸಳರ ಶಿಲ್ಪಿಗಳು ಸಹಿ ಹಾಕಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳು ವಿಗ್ರಹಗಳ ಪೀಠದಲ್ಲಿ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ದೇವಾಲಯದಲ್ಲಿ, ಬೈಚೋಜ ಮತ್ತು ಮಲ್ಲಿತಮ್ಮನ ಹೆಸರುಗಳಿವೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಕೆಲಸ ಶುರು ಮಾಡಿದವನೆಂದು ಹೇಳುವ ಈ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಕಾಣುತ್ತದೆ. ಅವನನ್ನು 'ರೂವಾರಿ ಮಲ್ಲಿತಮ್ಮ' ಎನ್ನುತ್ತಾರೆ. ರೂವಾರಿ ಎಂದರೆ ಶಿಲ್ಪಿ. ಇವತ್ತು ಪತ್ರಿಕೆಗಳಲ್ಲಿ 'ಯೋಜನೆಯ ರೂವಾರಿ' ಎಂದು ಓದುವಾಗಲೆಲ್ಲ ಆ ಪದ ಉಳಿ ಹಿಡಿದವರದು ಎಂಬುದು ನನಗೆ ನೆನಪಾಗುತ್ತದೆ.

ಹೀಗೆ ಹೆಸರು ಕೆತ್ತಿಟ್ಟ ಮೇಲೂ ಜನರ ಬಾಯಲ್ಲಿ ಉಳಿದದ್ದು ಜಕಣಾಚಾರಿಯ ಐತಿಹ್ಯ. ಬೇಲೂರಿಗೆ ಬಂದ ಮಕ್ಕಳಿಗೆ ಎಲ್ಲವನ್ನೂ ಜಕಣಾಚಾರಿಯೇ ಕೆತ್ತಿದ ಎಂದು ಹೇಳಿಕೊಡುತ್ತೇವೆ. ಐತಿಹ್ಯವೂ ಚೆಂದವೇ. ಆದರೆ ಪೀಠದಲ್ಲಿ ಅಕ್ಷರ ಇದ್ದದ್ದರಿಂದ ಮಾತ್ರ ದಾಸೋಜ, ಚಾವಣ ಮತ್ತೆ ನಮಗೆ ಸಿಕ್ಕರು. ಬಳಪದ ಕಲ್ಲು ಅಗೆದಾಗ ಮೃದು, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಅಕ್ಷರ ನಿಂತಿತು. ಮರಕ್ಕೆ ಆ ಭಾಗ್ಯವಿಲ್ಲ. ಗೆದ್ದಲು, ಮಳೆ, ಬೆಂಕಿ ಎಲ್ಲದಕ್ಕೂ ಅದು ತುತ್ತು. ಅದೇ ಊರುಗಳಲ್ಲಿ ರಥ ಕೆತ್ತಿದವರು, ಬಾಗಿಲು ಕೆತ್ತಿದವರು ಎಷ್ಟು ಜನ ಇದ್ದರೋ.

ನಾನು ಕಸುಬು ಕಲಿತದ್ದು ಬೇಲೂರಿನ ಹತ್ತಿರದ ಹಳ್ಳಿಯ ಒಬ್ಬ ಆಚಾರ್ರ ಹತ್ತಿರ. ಅಂಗಡಿಯಿಂದ ವಾಪಸ್ ಬರುವಾಗ ಅವರ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಫೋಟೊ ಹಿಡಿದು ಬಹಳ ಹೊತ್ತು ನೋಡಿ, ತಮ್ಮ ಮನೆಯ ಬಾಗಿಲವಾಡದ ಕಡೆ ಕೈ ತೋರಿಸಿದರು. ನನ್ನ ಬಳ್ಳಿಯ ಬಾಗು ಅಲ್ಲಿತ್ತು. ಎಲೆ ಬೇರೆ, ಹೂವಿನ ಜಾಗದಲ್ಲಿ ನಾನು ಹಣ್ಣು ಇಟ್ಟಿದ್ದೆ. ಬಾಗು ಮಾತ್ರ ಅದೇ. ಹದಿನೇಳು ವರ್ಷ ನಿತ್ಯ ಆ ಬಾಗಿಲು ದಾಟಿ ಒಳಗೆ ಹೋದವನ ಕೈಗೆ ಅದು ತಾನಾಗಿ ಬಂದಿತ್ತು, ನನಗೆ ಹೊಳೆದೇ ಇರಲಿಲ್ಲ.

"ಹಂಗಾದ್ರೆ ಆಚಾರ್ರೇ, ಬಳ್ಳಿ ನಿಮ್ಮದು" ಎಂದೆ.

"ನಂದಲ್ಲ ಕಣಪ್ಪ. ನಮ್ಮಪ್ಪ ಯಾವುದೋ ರಥದಲ್ಲಿ ನೋಡಿ ಇದ್ದಿಲಲ್ಲಿ ಬರ್ಕೊಂಡು ಬಂದಿದ್ದು. ಆದ್ರೆ ಆ ಮಗುಚಿದ ಎಲೆ ಐತಲ್ಲ, ಅದು ನಿಂದೇ. ಅದನ್ನ ನಾವ್ಯಾರೂ ಮಾಡಿರ್ಲಿಲ್ಲ."

ಅವತ್ತಿನಿಂದ ನಾನು ಮೂರು ಪದಗಳನ್ನು ಬೇರೆ ಬೇರೆಯಾಗಿ ಬಳಸುತ್ತೇನೆ. ಒಂದನ್ನು ನೋಡಿ ಹಾಗೇ ಇಳಿಸಿದ್ದರೆ 'ನಕಲು' ಎನ್ನುತ್ತೇನೆ. ಅದನ್ನು ಮಾರಬೇಕಾದರೆ ಮೂಲದವರನ್ನು ಕೇಳುತ್ತೇನೆ, ಇಲ್ಲವೇ ಮಾರುವುದಿಲ್ಲ. ಒಂದು ಭಾಗವನ್ನು ತೆಗೆದುಕೊಂಡು ನನ್ನದನ್ನು ಸೇರಿಸಿದ್ದರೆ 'ಆಧಾರ'. ಶೈಲಿಯ ಋಣ ಮಾತ್ರ ಇದ್ದರೆ 'ಪ್ರೇರಣೆ'. ಪೂರಾ ನಕಲು ಮಾಡಿ 'ಪ್ರೇರಣೆ' ಎಂದು ಬರೆಯುವವರನ್ನು ಕಂಡಿದ್ದೇನೆ. ಅದು ಹೆಸರು ಹೇಳಿದ ಹಾಗಲ್ಲ, ಮರೆಸಿದ ಹಾಗೆ. ಮೂಲ ಯಾರದೆಂದು ಗೊತ್ತಿಲ್ಲದಿದ್ದರೆ ಎಲ್ಲಿ ನೋಡಿದೆ ಎಂದಾದರೂ ಬರೆಯಬಹುದು. ಬಿಲ್ಲಿನಲ್ಲಿ ಒಂದು ಸಾಲು, ವಸ್ತುವಿನ ಬೆನ್ನಿನಲ್ಲಿ ಕಾಸಿದ ಕಡ್ಡಿಯಿಂದ ಸುಟ್ಟು ಬರೆದ ಎರಡು ಸಾಲು, ಫೋಟೊ ಹಾಕುವಾಗ ಫೋಟೊದ ಒಳಗೇ ಹೆಸರು. ಅಡಿಬರಹ ನಾಲ್ಕು ಕೈ ದಾಟುವುದಿಲ್ಲ ಎಂದು ನಾನು ಕಲಿತಿದ್ದೇನೆ. ಗೆರೆ ಎಳೆದ ಚೀಟಿಗಳನ್ನೂ ಈಗ ಬಿಸಾಡುವುದಿಲ್ಲ. ದಿನಾಂಕ ಹಾಕಿ ಇಡುತ್ತೇನೆ, ನಾಳೆ ಯಾರದು ಮೊದಲು ಎಂಬ ಪ್ರಶ್ನೆ ಬಂದರೆ ಅದೇ ಸಾಕ್ಷಿ.

ಅಂಗಡಿಯ ಮಾಲೀಕರು ಫೈಲನ್ನು ಅಳಿಸಿಹಾಕುವುದು ಬೇಡ, ಮುಂದೆ ಮಾಡುವ ಪ್ರತಿ ಚೌಕಟ್ಟಿಗೂ ಇಷ್ಟು ಎಂದು ಮಾತಾಡಿಕೊಳ್ಳೋಣ ಎಂದರು. ಒಂದು ಪುಟದ ಒಪ್ಪಂದ ಬರೆದುಕೊಂಡೆವು. ಒಪ್ಪಿಗೆ ಕೊಟ್ಟ ಮೇಲೆ ಅವರು ಮಾಡುವುದೂ ನನ್ನ 50ರ ಲೆಕ್ಕಕ್ಕೆ ಸೇರುತ್ತದಲ್ಲ, ಅದಕ್ಕೆ ಸಂಖ್ಯೆಯನ್ನು 40ಕ್ಕೆ ನಿಲ್ಲಿಸಿದ್ದೇವೆ.

ಮೂಡಿಗೆರೆಯ ಆ ಹೆಣ್ಣುಮಗಳಿಗೆ ಹಲಸಿನಲ್ಲೇ ಎಂಟನೆಯದನ್ನು ಕೆತ್ತಿದೆ. ಈ ಹಲಗೆಯಲ್ಲಿ ಗಂಟು ಇರಲಿಲ್ಲ, ಆದರೂ ಎಲೆಯನ್ನು ಮಗುಚಿಯೇ ಇಟ್ಟೆ. ತೆಗೆದುಕೊಂಡು ಹೋಗಲು ಬಂದಾಗ ಅವರು ಚೌಕಟ್ಟನ್ನು ತಿರುಗಿಸಿ ಬೆನ್ನಿನಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದರು: "ಬಳ್ಳಿಯ ಬಾಗು, ಬೇಲೂರು ಸೀಮೆಯ ಒಂದು ಬಾಗಿಲವಾಡದ ಆಧಾರ, ಅದಕ್ಕೂ ಮೊದಲು ಒಂದು ರಥ. ಎಲೆ, ಹಣ್ಣು ನನ್ನವು." ಅದರ ಕೆಳಗೆ ನನ್ನ ಹೆಸರು, ನರಗಳನ್ನು ಮುಗಿಸಿದ ಹುಡುಗನ ಹೆಸರು, ವರ್ಷ.